ವಿಮಾನಮಾರ್ಗದ ಸಂಕೇತಗಳನ್ನಾಲಿಸುವ ವಿದ್ಯೆ

ರಾತ್ರಿಯ ವೇಳೆ ರಾಮತೀರ್ಥ ನಗರದ ಮಾಳಿಗೆಯ ಮೇಲೆ ನಿಂತರೆ, ಪೂರ್ವಕ್ಕೆ ಸಾಂಬ್ರಾದ ಕಡೆಗೆ ಇಳಿಯುವ ವಿಮಾನದ ದೀಪಗಳು ಕಾಣುವುವು. ಆ ನಿಲ್ದಾಣವನ್ನು 1942ರಲ್ಲಿ, ಯುದ್ಧಕಾಲದಲ್ಲಿ, ಬ್ರಿಟಿಷ್ ವಾಯುಪಡೆಯವರು ಕಟ್ಟಿದರು. ಮೋಡ ಕವಿದಾಗ ವೈಮಾನಿಕನು ದಾರಿಯನ್ನು ಹೇಗೆ ಕಾಣುವನೆಂದು ನಮ್ಮ ಬಾಲಿಕೆಯರು ಕೇಳುವುದುಂಟು. ಸಮುದ್ರತೀರದಲ್ಲಿ ದೀಪಸ್ತಂಭವಿರುವಂತೆ, ವಿಮಾನಮಾರ್ಗಗಳಲ್ಲಿಯೂ ಸ್ತಂಭಗಳುಂಟು. ಆದರೆ ಅವು ಬೀರುವುದು ಬೆಳಕನ್ನಲ್ಲ, ರೇಡಿಯೋ ತರಂಗಗಳನ್ನು.

ಈ ತರಂಗಗಳು 190ರಿಂದ 535 ಕಿಲೋಹರ್ಟ್ಸ್‌ಗಳ ಒಳಗಿರುವುವು. 300 ಕಿಲೋಹರ್ಟ್ಸ್‌ನ ಒಂದು ತರಂಗವು ಒಂದು ಕಿಲೋಮೀಟರಿನಷ್ಟು ಉದ್ದವೆಂದರೆ ವಾಚಕರು ಬೆರಗಾದಾರು. ಪ್ರತಿ ಸ್ತಂಭವೂ ಎರಡು ಅಥವಾ ಮೂರು ಅಕ್ಷರಗಳ ತನ್ನ ಹೆಸರನ್ನು ಮೋರ್ಸ್ ಸಂಕೇತದಲ್ಲಿ ನಿಧಾನವಾಗಿ, ಮತ್ತೆ ಮತ್ತೆ ಸಾರುವುದು. ವಿಮಾನದೊಳಗಿನ ಮುಳ್ಳು ಆ ದಿಕ್ಕಿಗೆ ತಿರುಗುವುದು.

ಮುಳ್ಳಿನ ಗುಟ್ಟನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಹಗಲು ಹಿಡಿದು, ಟ್ರಾನ್ಸಿಸ್ಟರನ್ನು ಮೆಲ್ಲನೆ ತಿರುಗಿಸಿರಿ. ಒಂದೆಡೆ ಸ್ವರವು ಕುಗ್ಗುವುದು. ಆಗ ಒಳಗಿನ ಫೆರೈಟ್ ಕಡ್ಡಿಯ ತುದಿಯು ಆಗ್ನೇಯಕ್ಕೆ, ಅಂದರೆ ಧಾರವಾಡದತ್ತ, ನೆಟ್ಟಿರುವುದು. ಇನ್ನೊಂದು ತುದಿಯೂ ಅದೇ ಗೆರೆಯಲ್ಲಿರುವುದರಿಂದ ಮೋಸಹೋಗಬಾರದು.

ಸ್ತಂಭಗಳನ್ನು ಕೇಳಲು ದೀರ್ಘತರಂಗವನ್ನೂ ಮೋರ್ಸನ್ನೂ ಗ್ರಹಿಸುವ ಯಂತ್ರವು ಬೇಕು. ಹಗಲಿನಲ್ಲಿ ಸಮೀಪದವು ಮಾತ್ರ ಕೇಳುವುವು. ಏಕೆಂದರೆ ಸುಮಾರು 60ರಿಂದ 90 ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ಉಂಟಾಗುವ ಪದರವು ಮೇಲೇರುವ ತರಂಗಗಳನ್ನು ನುಂಗಿಬಿಡುವುದು. ಕತ್ತಲಾದ ಮೇಲೆ ಆ ಪದರವು ಕರಗಿ, ತರಂಗಗಳು ಅದಕ್ಕೂ ಮೇಲಿನ ಪದರದಿಂದ ಪ್ರತಿಫಲಿಸಿ, ಸಾವಿರ ಕಿಲೋಮೀಟರುಗಳಾಚೆಗೂ ಬಂದಿಳಿಯುವುವು. ಈ ಪ್ರತಿಫಲನವೇ ವೈಮಾನಿಕನ ಮುಳ್ಳನ್ನು ತಪ್ಪಿಸುವುದೆಂಬುದು ಬೇರೆ ಮಾತು; ಅವನಿಗೆ ತೊಡಕಾದದ್ದೇ ನಮಗೆ ವಿನೋದ! ಬೆಳಗಾವಿಯಲ್ಲಿ ಮುಂಗಾರಿನ ಮುಂಚಿನ ಗುಡುಗುಗಳು ಕಿವಿಯನ್ನು ಕೆಡಿಸುವುದರಿಂದ ಚಳಿಗಾಲವೇ ಇದಕ್ಕೆ ತಕ್ಕ ಕಾಲ.

ಆದರೆ ಕೇಳಿದ್ದನ್ನು ಬರೆಯುವುದೇ ಕಠಿಣ. ಒಂದು ಗೆರೆ, ಮೂರು ಬಿಂದುಗಳಾದರೆ ‘ಬಿ’. ಕೊನೆಯ ಬಿಂದುವನ್ನು ಮಿಂಚಿನ ಚಿಟಿಕೆಯೊಂದು ಅಡಗಿಸಿದರೆ ಅದೇ ‘ಡಿ’ ಆಗುವುದು. ಪಟ್ಟಿಯಲ್ಲಿ ಒಂದು ದೂರದ ಹೆಸರನ್ನು ಓದಿಕೊಂಡು ಕುಳಿತ ನಾವು, ಒಂದು ರಾತ್ರಿ ಅದನ್ನೇ ಕೇಳಿದೆವೆಂದು ಸಂತೋಷದಿಂದ ಬರೆದಿಟ್ಟೆವು. ಮರುರಾತ್ರಿ ಕೇಳಲು, ಅದು ಹತ್ತಿರದ ಬೇರೊಂದು ಸ್ತಂಭವಾಗಿತ್ತು. ಬಾಲಕನಾದ ಸಮುವೇಲನೂ ಮೂರು ಸಾರಿ ತಪ್ಪುತಿಳಿದು ಏಲಿಯ ಬಳಿಗೆ ಓಡಿದನಷ್ಟೆ. ಅಂದಿನಿಂದ ನಾವು ಪಟ್ಟಿಯನ್ನು ಮುಚ್ಚಿಟ್ಟು, ಅಕ್ಷರಗಳನ್ನು ಮೂರು ಬಾರಿ ಪೂರ್ಣವಾಗಿ ಕೇಳದೆ ಲೇಖನಿಯನ್ನು ಎತ್ತುವುದಿಲ್ಲ.

ಈ ಅಭ್ಯಾಸಕ್ಕೆ ಉಳಿದಿರುವ ಕಾಲವು ದೀರ್ಘವಲ್ಲ. ವಿಮಾನಗಳು ಈಗ ಉಪಗ್ರಹಗಳನ್ನು ನಂಬುತ್ತಿವೆ. ನಮ್ಮ ದೇಶದ ‘ಗಗನ್’ ವ್ಯವಸ್ಥೆಯ ನೆರವಿನಿಂದ 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಇಳಿಯಿತು. ಹಲವು ದೇಶಗಳು ಹಳೆಯ ಸ್ತಂಭಗಳನ್ನು ಒಂದೊಂದಾಗಿ ಮುಚ್ಚುತ್ತಿವೆ. ಉಳಿದವುಗಳ ಸ್ವರವನ್ನು ನಮ್ಮ ಮನೆಗಳ ಎಲ್‌ಇಡಿ ದೀಪಗಳೂ ಮೊಬೈಲ್ ಚಾರ್ಜರುಗಳೂ ಗೊರಗೊರ ಸದ್ದಿನಿಂದ ಮುಳುಗಿಸುವುವು. ಬಡಾವಣೆಯಲ್ಲಿ ವಿದ್ಯುತ್ತು ಹೋದಾಗ ನೆರೆಯವರೆಲ್ಲರೂ ಬೇಸರಪಡುವ ಆ ಅರ್ಧ ಗಂಟೆಯಲ್ಲಿ, ನಾವು ಬ್ಯಾಟರಿಯ ಯಂತ್ರವನ್ನೂ ನೋಟುಪುಸ್ತಕವನ್ನೂ ಹಿಡಿದು ಮಾಳಿಗೆಯನ್ನು ಏರುವೆವು.