ಕನ್ನಡದಲ್ಲಿ ಚಾರ್ಟು: ಎಡವಿ ಕಲಿತ ಎಂಟು ಸೂತ್ರ

ವೆಬ್‌ಗೆ ಚಾರ್ಟು ಮಾಡಿಕೊಡುವ ಸಾಫ್ಟ್‌ವೇರ್‌ಗೆ ಈಗ ಬರವಿಲ್ಲ, ಬಹಳಷ್ಟು ಬಿಟ್ಟಿಯಾಗಿಯೇ ಸಿಗುತ್ತವೆ. ಆದರೆ ಕನ್ನಡದ ಓದುಗರಿಗೆಂದು ಒಂದು ಚಾರ್ಟು ಮಾಡಿ ನೋಡಿ, ಎಡವುವ ಜಾಗಗಳೇ ಬೇರೆ.

1. ಮೊದಲು ಪ್ರಶ್ನೆ, ಆಮೇಲೆ ಟೂಲ್. ಯಾವ ಜಿಲ್ಲೆಯಲ್ಲಿ ಜನ ಹೆಚ್ಚು ಅನ್ನುವುದಕ್ಕೆ ನಕ್ಷೆಗೆ ಬಣ್ಣ ಬಳಿದರೆ ಕಣ್ಣು ಹೋಗುವುದು ಉತ್ತರ ಕನ್ನಡದ ವಿಸ್ತಾರಕ್ಕೆ. 2011ರಲ್ಲೇ 96 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆ ಮೂಲೆಯಲ್ಲಿ ಚುಕ್ಕೆಯಾಗಿ ಕೂತಿರುತ್ತದೆ. ಇಲ್ಲಿ ಬಾರ್ ಚಾರ್ಟೇ ಸರಿ. ಬಾರುಗಳನ್ನು ಅಡ್ಡಡ್ಡ ಮಲಗಿಸಿ. ನಿಲ್ಲಿಸಿದರೆ ‘ಬೆಂಗಳೂರು ಗ್ರಾಮಾಂತರ’ ಓದಲು ಕತ್ತು ವಾಲಿಸಬೇಕು.

2. ಒಂದೇ ಒಂದು ಚಾರ್ಟಿಗೆ ಕೋಡ್ ಬರೆಯಬೇಡಿ. ಡೇಟಾರ‍್ಯಾಪರ್ ಅಥವಾ ಫ್ಲರಿಶ್‌ಗೆ ಅಂಕಿಗಳನ್ನು ಅಂಟಿಸಿದರೆ ಹತ್ತು ನಿಮಿಷದ ಕೆಲಸ.

3. ದಿನಾ ಬದಲಾಗುವ ಅಂಕಿಯಾದರೆ ಕೋಡ್ ಲೈಬ್ರರಿಗಳಾದ ಚಾರ್ಟ್.ಜೆಎಸ್ ಅಥವಾ ಅಪಾಚೆ ಇಚಾರ್ಟ್ಸ್ ಹಿಡಿಯಿರಿ. 2011ರಲ್ಲಿ ಮೈಕ್ ಬೋಸ್ಟಾಕ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಡಿ3 ಬಲಶಾಲಿಯೇನೋ ಹೌದು, ಆದರೆ ಅದು ಕೊಡುವುದು ಇಟ್ಟಿಗೆ, ಮರಳು, ಸಿಮೆಂಟು. ಮನೆ ನೀವೇ ಕಟ್ಟಬೇಕು. ಡಿ3 ಕಲಿಯದೆ ಚಾರ್ಟು ಬರುವುದಿಲ್ಲ ಎನ್ನುವವರ ಮಾತಿಗೆ ಹೆದರಬೇಡಿ.

4. ಅಲ್ಪವಿರಾಮ ನೋಡಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಡಿ3ಗೆ ಹಾಗೇ ಬಿಟ್ಟರೆ 61,095,297 ಎಂದು ಮುದ್ರಿಸುತ್ತದೆ, ಇನ್ನೂ ಚುರುಕು ಮಾಡಿದರೆ ‘61 ಮಿಲಿಯನ್’ನ ಗುರುತು. ಓದುಗ ಬೆರಳು ಮಡಿಚಿ ಲೆಕ್ಕ ಹಾಕುತ್ತಾ ಕೂರಬೇಕು. ಚಾರ್ಟ್.ಜೆಎಸ್‌ನಲ್ಲಿ ಲೊಕೇಲ್ ಅನ್ನು ಭಾರತದ ಇಂಗ್ಲಿಷ್‌ಗೆ ಬದಲಿಸಿದರೆ ಲಕ್ಷ, ಕೋಟಿಯ ಗುಂಪು ತಾನಾಗಿ ಬೀಳುತ್ತದೆ. ಡಿ3ಯಲ್ಲಿ ಮೊದಲು ಮೂರು, ಆಮೇಲೆ ಎರಡೆರಡು ಅಂಕಿ ಎಂದು ನೀವೇ ಹೇಳಿಕೊಡಬೇಕು. ಬಾರಿನ ತುದಿಗೆ ‘6.11 ಕೋಟಿ’ ಎಂದು ಬರೆದುಬಿಡುವುದು ಇನ್ನೂ ವಾಸಿ.

5. ಒತ್ತಕ್ಷರಕ್ಕೆ ಜಾಗ ಬಿಡಿ. ಇಂಗ್ಲಿಷ್ ಅಳತೆಯ ಸಾಲಿನಲ್ಲಿ ‘ಪುತ್ತೂರು’ ಕೂರಿಸಿದರೆ ಕೆಳಗಿನ ತ-ಒತ್ತು ಕತ್ತರಿಸಿಹೋಗಬಹುದು. ಒಮ್ಮೆ, ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಮೂಡಲಿ ಎಂದು ಅನಿಮೇಶನ್ ಹಾಕಲು ಹೋಗಿ ‘ಮಂಡ್ಯ’ವನ್ನು ನಾನೇ ಒಡೆದೆ: ಸೊನ್ನೆ ಒಂದು ಕಡೆ, ಡ ಇನ್ನೊಂದು ಕಡೆ, ಕೊನೆಗೊಂದು ಅನಾಥ ಯ. ಕಂಪ್ಯೂಟರಿಗೆ ಅದು ಐದು ಚೂರು, ನಮಗೆ ಎರಡೇ ಅಕ್ಷರ. ಇನ್ನೊಂದು ಗುಟ್ಟು: ಚಾರ್ಟ್.ಜೆಎಸ್ ಬರೆಯುವುದು ಕ್ಯಾನ್ವಾಸ್ ಮೇಲೆ. ವೆಬ್ ಫಾಂಟ್ ಇಳಿಯುವ ಮೊದಲೇ ಬರೆದುಬಿಟ್ಟರೆ ಸಿಸ್ಟಮ್‌ನ ಯಾವುದೋ ಫಾಂಟೇ ಅಲ್ಲಿ ಉಳಿದುಹೋಗುತ್ತದೆ. ಫಾಂಟು ಬರುವವರೆಗೆ ಕಾಯಿಸಿ.

6. ಬಾರು ಸೊನ್ನೆಯಿಂದಲೇ ಏಳಬೇಕು. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ. 100 ಅಡಿಯಿಂದ ಬಾರು ಶುರುಮಾಡಿದರೆ 110ಕ್ಕಿಂತ 120 ಇಮ್ಮಡಿಯಾಗಿ ಕಾಣುತ್ತದೆ. ಗೆರೆಯ ಗ್ರಾಫಿಗೆ ಈ ಕಟ್ಟುಪಾಡಿಲ್ಲ, ಏರಿಳಿತ ತೋರಿಸಲು ಅದನ್ನೇ ಬಳಸಿ. ಪಕ್ಕದಲ್ಲಿ ನೀರಿನ ಪ್ರಮಾಣದ ಟಿಎಂಸಿ ಲೆಕ್ಕವೂ ಇರಲಿ, ಮಟ್ಟವೊಂದೇ ಸಾಲದು. ಜಲಾಶಯ ಬಾಯಿ ಅಗಲದ ಬೋಗುಣಿಯಂತೆ. ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ತಳದ ಒಂದು ಅಡಿಯಲ್ಲಿ ನಿಲ್ಲುವುದಿಲ್ಲ.

7. ಪೈ ಚಾರ್ಟಿನ ಚಟ ಬಿಡಿ. 2023ರ ವಿಧಾನಸಭೆ ಫಲಿತಾಂಶ: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಹೋಳು ಮಾಡಿದರೆ ಬಣ್ಣವೇನೋ ಕಾಣುತ್ತದೆ, ಬಹುಮತದ 113 ಎಲ್ಲಿದೆ ಅನ್ನುವುದು ಕಾಣುವುದಿಲ್ಲ. ಬಾರ್ ಹಾಕಿ, 113ಕ್ಕೊಂದು ಗೀಟು ಎಳೆಯಿರಿ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣುಗಳೂ ಇವೆ, ಹೆಸರನ್ನು ಬಾರಿನ ಮೇಲೆಯೇ ಬರೆಯಿರಿ.

8. ಅಂಕಿಯಲ್ಲ, ಹಂತಗಳನ್ನು ತೋರಿಸಬೇಕೆಂದರೆ ಮರ್ಮೇಯ್ಡ್ ಇದೆ: ‘ಅರ್ಜಿ’ಯಿಂದ ‘ಪರಿಶೀಲನೆ’ಗೆ ಎಂದು ಎರಡು ಸಾಲು ಟೈಪು ಮಾಡಿದರೆ ಡಬ್ಬಿಯೂ ಬಾಣವೂ ಅದೇ ಬಿಡಿಸುತ್ತದೆ. ಕೈಯಾರೆ ಜೋಡಿಸಬೇಕೆಂದರೆ ಡ್ರಾ.ಐಓ. ಅದರಲ್ಲಿ ಚಿತ್ರ ಉಳಿಸುವಾಗ ಡಯಾಗ್ರಾಮಿನ ಪ್ರತಿಯನ್ನೂ ಒಳಗೆ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಆರು ತಿಂಗಳಾದ ಮೇಲೆ ಒಂದು ಕಾಗುಣಿತ ತಪ್ಪು ಕಂಡಾಗ ಅದೇ ಚಿತ್ರವನ್ನು ಮತ್ತೆ ಡ್ರಾ.ಐಓದಲ್ಲಿ ತೆರೆದು ತಿದ್ದಬಹುದು.