ಹೊಸ್ತಿಲು ದಾಟಲು ಹೆದರುವವರು

ಮನೆಯ ಗಂಡಸು ಹದಿನೈದು ದಿನ ಅಂಗಡಿಗೆ ಹೋಗದೆ ಕುಳಿತರೆ ಬಂದವರೆಲ್ಲ ಕಾರಣ ಕೇಳುತ್ತಾರೆ. ಹೆಂಗಸು ಎರಡು ವರ್ಷ ಹೊರಗೆ ಕಾಲಿಡದಿದ್ದರೂ ಯಾರೂ ಕೇಳುವುದಿಲ್ಲ. "ಪಾಪ, ಬಹಳ ಒಳ್ಳೆಯವಳು, ಸುತ್ತುವ ಅಭ್ಯಾಸವೇ ಇಲ್ಲ" ಎಂದು ಹೊಗಳುವವರೂ ಇದ್ದಾರೆ. ಹೀಗಾಗಿ ಒಂದು ಕಾಯಿಲೆ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಗುರುತು ಸಿಗದೆ ಉಳಿದುಬಿಡುತ್ತದೆ.

ಪರ್ದಾ ಪಾಲಿಸುವ ಹೆಣ್ಣುಮಗಳಿಗೂ ಈ ರೋಗಿಗೂ ವ್ಯತ್ಯಾಸ ಬಹಳ ಸರಳ. ಮೊದಲನೆಯವಳು ತಂಗಿಯ ನಿಕಾಹ್ ಇದ್ದರೆ, ತಾಯಿ ಆಸ್ಪತ್ರೆಯಲ್ಲಿದ್ದರೆ ಹೊರಟು ಹೋಗುತ್ತಾಳೆ. ಎರಡನೆಯವಳಿಗೂ ಹೋಗುವ ಆಸೆಯಿದೆ. ಬುರ್ಖಾ ಹಾಕಿಕೊಂಡು ಬಾಗಿಲವರೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ಕಾಲು ಏಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ತಲೆನೋವು ಎಂದು ಹೇಳಿ ಒಳಗೆ ಹೋಗಿ ಮಲಗುತ್ತಾಳೆ.

ನನ್ನಲ್ಲಿ ಬಂದ ಒಬ್ಬ ಸಹೋದರಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಮೂವತ್ತೆಂಟು. ಒಂದು ಬೇಸಿಗೆಯಲ್ಲಿ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ, ಕಾಲಿಡಲೂ ಜಾಗವಿಲ್ಲದ ಗುಂಪಿನ ನಡುವೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಯಿತು. ಬೆವರು, ಎದೆಬಡಿತ, ಬೆರಳುಗಳಲ್ಲಿ ಜುಮುಜುಮು. ಇಲ್ಲೇ ಸಾಯುತ್ತೇನೆ ಎಂದುಕೊಂಡು ಕಲಿಮಾ ಹೇಳಿಕೊಂಡರಂತೆ. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು, ಎಕೋ ಸರಿಯಾಗಿತ್ತು. "ಗ್ಯಾಸ್" ಎಂದು ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಅವರು ಬಸ್ಸು ಹತ್ತುವುದನ್ನು ಬಿಟ್ಟರು. ನಂತರ ಮದುವೆ ಮನೆಗಳನ್ನು ಬಿಟ್ಟರು, ನಂತರ ಕಿರಾಣಿ ಅಂಗಡಿಯನ್ನು. ಕೊನೆಗೆ ಮನೆಯಲ್ಲಿ ಒಬ್ಬರೇ ಇರುವುದೂ ಆಗದಾಯಿತು. ಪಿಯುಸಿ ಸೇರಬೇಕಿದ್ದ ಮಗಳು "ಅಮ್ಮಿ ಒಬ್ಬರೇ ಆಗ್ತಾರೆ" ಎಂದು ಕಾಲೇಜು ಸೇರದೆ ಮನೆಯಲ್ಲಿ ಉಳಿದಳು.

ಇಷ್ಟೆಲ್ಲ ಆಗುವ ಹೊತ್ತಿಗೆ ಅವರು ಮೂರು ತಿಂಗಳು ನನ್ನ ಔಷಧವನ್ನೇ ತೆಗೆದುಕೊಳ್ಳುತ್ತಿದ್ದರು. ನಾನು ಅದನ್ನು ಬರೀ ಖಫ್ಕಾನ್, ಅಂದರೆ ಎದೆಬಡಿತದ ತೊಂದರೆ ಎಂದುಕೊಂಡು ಖಮೀರಾ ಕೊಟ್ಟಿದ್ದೆ. ಜೊತೆಗೆ "ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಿ" ಎಂದಿದ್ದೆ. ಈ ಕಾಯಿಲೆಗೆ ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಒಂದು ದಿನ ಅವರ ಬದಲು ಮಗಳು ಔಷಧಕ್ಕೆ ಬಂದಳು. "ಹಕೀಮ್ ಸಾಬ್, ಅಮ್ಮಿ ಗೇಟಿನವರೆಗೂ ಬರುವುದಿಲ್ಲ" ಎಂದಳು. ಆಗ ನನಗೆ ಅರ್ಥವಾಯಿತು.

ದೇಹದಲ್ಲಿ ಏನಾಗುತ್ತದೆ?

ಅಪಾಯ ಬಂದಾಗ ಓಡಲು ಅಥವಾ ಎದುರಿಸಲು ಅಲ್ಲಾಹನು ನಮ್ಮ ದೇಹದಲ್ಲಿ ಒಂದು ವ್ಯವಸ್ಥೆ ಇಟ್ಟಿದ್ದಾನೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಉಸಿರಾಟ ಜೋರಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದರಿಂದಲೇ ಬದುಕುತ್ತೇವೆ. ಕೆಲವರಲ್ಲಿ ಈ ವ್ಯವಸ್ಥೆ ನಾಯಿ ಇಲ್ಲದಿರುವಾಗಲೂ ಶುರುವಾಗುತ್ತದೆ. ಉಸಿರು ಬೇಗ ಬೇಗ ಎಳೆದುಕೊಂಡಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಟ್ಟುತ್ತದೆ. ಇದು ಕೆಲವೇ ನಿಮಿಷಗಳಲ್ಲಿ ತುದಿಗೇರಿ, ಏನೂ ಮಾಡದಿದ್ದರೂ ತಾನಾಗಿ ಇಳಿಯುತ್ತದೆ. ಆದರೆ ರೋಗಿ ಇಳಿಯುವವರೆಗೆ ಕಾಯುವುದಿಲ್ಲ. ಬಸ್ಸಿನಿಂದ ಇಳಿದುಬಿಡುತ್ತಾನೆ, ಮನೆಗೆ ಓಡುತ್ತಾನೆ. "ಮನೆಗೆ ಬಂದಿದ್ದರಿಂದ ಬದುಕಿದೆ" ಎಂದು ಮನಸ್ಸು ಪಾಠ ಕಲಿಯುತ್ತದೆ. ಒಂದೊಂದು ಸಲ ಹಿಂದಿರುಗಿದಾಗಲೂ ಆ ಪಾಠ ಗಟ್ಟಿಯಾಗುತ್ತದೆ.

ಇದಕ್ಕೆ ಅಗೋರಾಫೋಬಿಯಾ ಎಂದು ಹೆಸರು. ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲಿ ಈ ಹೆಸರಿಟ್ಟರು. ಅಗೋರಾ ಎಂದರೆ ಗ್ರೀಕ್ ಭಾಷೆಯಲ್ಲಿ ಸಂತೆಯ ಬಯಲು. ಅವರು ವರ್ಣಿಸಿದ ರೋಗಿಗಳು ಬಯಲು ಚೌಕವನ್ನು ಒಬ್ಬರೇ ದಾಟಲಾಗದ ಗಂಡಸರು. ಹಾಗಾಗಿ ಇದು ಹೆಂಗಸರ ಕಾಯಿಲೆ ಎಂದುಕೊಳ್ಳಬೇಡಿ. ಮಸೀದಿಯಲ್ಲಿ ಯಾವಾಗಲೂ ಕೊನೆಯ ಸಫ್‌ನಲ್ಲಿ, ಬಾಗಿಲ ಪಕ್ಕದಲ್ಲೇ ನಿಲ್ಲುವವರನ್ನು, ಜುಮಾದ ಗುಂಪಿಗೆ ಹೆದರಿ ಸಬೂಬು ಹೇಳುವವರನ್ನು ನಾನು ಕಂಡಿದ್ದೇನೆ. ಅವರನ್ನು ಸೋಮಾರಿ ಎನ್ನುತ್ತಾರೆ, ಈಮಾನ್ ಕಡಿಮೆ ಎನ್ನುತ್ತಾರೆ. ಕೋಲು ಹಾವಿನಂತೆ ಚಲಿಸಿದಾಗ ಮೂಸಾ(ಅ)ರವರು ಹೆದರಿ ಹಿಂದಿರುಗಿ ಓಡಿದ್ದನ್ನು ಕುರ್‌ಆನ್ ಮುಚ್ಚಿಡದೆ ಹೇಳುತ್ತದೆ. ಹೆದರಿದವನ ಈಮಾನ್ ಅಳೆಯಲು ನಾವು ಯಾರು?

ನಮ್ಮ ಪ್ರಾಚೀನ ವೈದ್ಯರಿಗೆ ಇದೆಲ್ಲ ತಿಳಿಯದ ವಿಷಯವಲ್ಲ. ಯುನಾನಿಯಲ್ಲಿ ಆರೋಗ್ಯಕ್ಕೆ ಬೇಕಾದ ಆರು ಕಾರಣಗಳಲ್ಲಿ ಗಾಳಿ, ಆಹಾರ, ನಿದ್ದೆಗಳ ಜೊತೆಗೆ ಮನಸ್ಸಿನ ಚಲನೆ ಮತ್ತು ನೆಮ್ಮದಿಯೂ ಒಂದು. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಮೇಲೂ ಬರೆದ ಗ್ರಂಥದಲ್ಲಿ ಭಯಕ್ಕೇ ಒಂದು ಅಧ್ಯಾಯ ಇಟ್ಟರು. ಹೆದರುವ ವಸ್ತುವಿಗೆ ಮನಸ್ಸನ್ನು ಮತ್ತೆ ಮತ್ತೆ ಎದುರಾಗಿಸಿ ರೂಢಿ ಮಾಡಿಸಬೇಕು ಎಂಬುದು ಅವರ ಸಲಹೆ. ಇಂದಿನ ಮನೋವೈದ್ಯರು ಮಾಡಿಸುವುದೂ ಮೂಲತಃ ಅದನ್ನೇ.

ಮೆಟ್ಟಿಲು ಮೆಟ್ಟಿಲಾಗಿ

ಆ ಸಹೋದರಿಯನ್ನು ನಾನು ಮನೋವೈದ್ಯರ ಬಳಿಗೆ ಕಳಿಸಿದೆ. ಅದಕ್ಕೂ ಮೊದಲು ಥೈರಾಯಿಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿದೆವು. ಥೈರಾಯಿಡ್ ಹೆಚ್ಚಾದರೆ, ರಕ್ತ ಕಡಿಮೆಯಾದರೆ ಇವೇ ಲಕ್ಷಣಗಳು ಬರುತ್ತವೆ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಸಲ ಎದೆನೋವು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದರೆ, "ಇದು ಬರೀ ಹೆದರಿಕೆ" ಎಂದು ಮನೆಯಲ್ಲಿ ಕೂರಬೇಡಿ. ಇಸಿಜಿ ಆಗಲೇಬೇಕು.

ಮೊದಲ ವಾರ ಅವರಿಗೆ ಕೊಟ್ಟ ಕೆಲಸ ಗೇಟಿನ ಹೊರಗೆ ನಿಲ್ಲುವುದು, ಅಷ್ಟೇ. ದಿನಾ ಅಸರ್ ಆದ ಮೇಲೆ. ನಿಯಮ ಒಂದೇ: ಹೆದರಿಕೆ ಏರುತ್ತಿರುವಾಗ ಒಳಗೆ ಬರಬಾರದು. ಅದು ಅರ್ಧಕ್ಕಾದರೂ ಇಳಿದ ಮೇಲೆಯೇ ಬರಬೇಕು. ಮೊದಲ ದಿನ ಇಪ್ಪತ್ತೈದು ನಿಮಿಷ ನಿಂತರು, ಅಳುತ್ತಲೇ. ವಾರದ ಕೊನೆಗೆ ಐದೇ ನಿಮಿಷದಲ್ಲಿ ಹೆದರಿಕೆ ಇಳಿಯತೊಡಗಿತು. ಆಮೇಲೆ ಪಕ್ಕದ ಮನೆ, ರಸ್ತೆಯ ತಿರುವು, ಅಂಗಡಿಗೆ ಹೋಗಿ ಒಂದೇ ಒಂದು ಬೆಂಕಿಪೊಟ್ಟಣ ತರುವುದು. ಬಸ್ಸಿಗೆ ಬಂದಾಗ ಒಂದೇ ಸ್ಟಾಪು, ಮಗಳು ಪಕ್ಕದಲ್ಲಿ. ನಂತರ ಮಗಳು ಹಿಂದಿನ ಸೀಟಿನಲ್ಲಿ. ನಂತರ ಮಗಳು ಸ್ಟಾಪಿನಲ್ಲಿ ಕಾಯುವುದು. ನಡುವೆ ಒಂದು ಸಲ ಜ್ವರ ಬಂದು ಹತ್ತು ದಿನ ತಪ್ಪಿತು, ಮತ್ತೆ ಗೇಟಿನಿಂದ ಶುರು ಮಾಡಬೇಕಾಯಿತು. ಆದರೆ ಎರಡನೇ ಸಲ ಬೇಗ ಸಾಗಿತು. ಉಸಿರು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಕಲಿತರು. ದಿನಕ್ಕೆ ಏಳೆಂಟು ಲೋಟ ಚಹಾ ಕುಡಿಯುತ್ತಿದ್ದರು, ಎರಡಕ್ಕೆ ಇಳಿಸಿದೆವು. ಚಹಾ, ಕಾಫಿ ಹೆಚ್ಚಾದರೂ ಎದೆಬಡಿತ ಹೆಚ್ಚುತ್ತದೆ.

ಇದರಲ್ಲಿ ಅತಿ ಕಷ್ಟದ ಕೆಲಸ ಮನೆಯವರದ್ದು. ಪ್ರೀತಿಯಿಂದಲೇ ಅವರು ಕಾಯಿಲೆಗೆ ಊಟ ಹಾಕುತ್ತಿರುತ್ತಾರೆ: "ನೀನು ಕೂತಿರು, ನಾನೇ ತರ್ತೀನಿ." ಗಂಡ ತರಕಾರಿ ತರುತ್ತಾನೆ, ಟೈಲರ್ ಮನೆಗೇ ಬರುತ್ತಾನೆ, ಮಗಳು ಶಾಲೆ ಬಿಡುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ ಒಂದೇ ದಿನ ಕೈಹಿಡಿದು ಎಳೆದು ಆಟೋ ಹತ್ತಿಸುತ್ತಾರೆ. ಎರಡೂ ತಪ್ಪು. "ಏನೂ ಆಗಲ್ಲ" ಎನ್ನಬೇಡಿ. ಆಗುತ್ತಿರುವುದು ಅವರಿಗೆ ಗೊತ್ತು. "ಹೆದರಿಕೆ ಬರುತ್ತದೆ, ಇಳಿಯುತ್ತದೆ, ನಾನು ಇಲ್ಲೇ ನಿಂತಿರ್ತೀನಿ" ಎನ್ನಿ.

ದುಆ, ಝಿಕ್ರ್ ವಿಷಯ ಹಲವರು ಕೇಳುತ್ತಾರೆ. ಚಿಂತೆ ಮತ್ತು ದುಃಖದಿಂದ ರಕ್ಷಣೆ ಬೇಡುವ ದುಆವನ್ನು ಪ್ರವಾದಿ(ಸ)ರವರೇ ಕಲಿಸಿದ್ದಾರೆ, ಔಷಧೋಪಚಾರ ಮಾಡಿಕೊಳ್ಳಲೂ ಅವರೇ ಹೇಳಿದ್ದಾರೆ. ದುಆ ಓದಿಕೊಂಡು ಹೊರಡಿ. ಆದರೆ "ನೂರು ಸಲ ಎಣಿಸಿ ಓದದಿದ್ದರೆ ಇವತ್ತು ಸಾಯುತ್ತೇನೆ" ಎಂದು ಅನಿಸತೊಡಗಿದರೆ ಅದು ವಸ್ವಾಸ್. ಅದನ್ನೂ ವೈದ್ಯರಿಗೆ ಹೇಳಬೇಕು. ಜಿನ್ನ್ ಹಿಡಿದಿದೆ ಎಂದು ಊರೂರು ಸುತ್ತಿ ತಾವೀಝ್‌ಗೆ ಸಾವಿರಾರು ರೂಪಾಯಿ ಸುರಿದ ಮೇಲೆ ನನ್ನಲ್ಲಿಗೆ ಬಂದವರಿದ್ದಾರೆ. ಅಷ್ಟರಲ್ಲಿ ಕಾಯಿಲೆ ಬೇರೂರಿರುತ್ತದೆ.

ಔಷಧದ ಬಗ್ಗೆ ಎರಡು ಮಾತು. ಖಮೀರಾ ಗಾವ್‌ಝಬಾನ್ ನಾನೂ ಕೊಡುತ್ತೇನೆ, ಆದರೆ ಅದೊಂದೇ ಯಾರನ್ನೂ ಬಸ್ಸು ಹತ್ತಿಸುವುದಿಲ್ಲ. ಖಮೀರಾ ಸಕ್ಕರೆ ಪಾಕದಲ್ಲಿ ತಯಾರಾಗುವುದರಿಂದ ಮಧುಮೇಹಿಗಳು ಕೇಳದೆ ತೆಗೆದುಕೊಳ್ಳಬಾರದು. ಮನೋವೈದ್ಯರು ಕೊಡುವ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ವಾಸಿಯಾಯಿತೆಂದು ತಟ್ಟನೆ ನಿಲ್ಲಿಸಬೇಡಿ. ಅಲ್‌ಪ್ರಜೋಲಂನಂಥ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ನೀವೇ ಕೊಂಡು ನುಂಗುವುದು ಬೇಡವೇ ಬೇಡ. ಅವು ಚಟವಾಗಿ ಅಂಟಿಕೊಳ್ಳುತ್ತವೆ. ಎರಡು ಪದ್ಧತಿಯ ಔಷಧ ಒಟ್ಟಿಗೆ ನಡೆಯುತ್ತಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಿ.

ಐದಾರು ತಿಂಗಳ ನಂತರ ಆ ಸಹೋದರಿ ಮಗಳನ್ನು ಕಾಲೇಜಿಗೆ ಸೇರಿಸಲು ಬಸ್ಸಿನಲ್ಲೇ ಹೋದರು. ದಾರಿಯಲ್ಲಿ ಎರಡು ಸಲ ಎದೆ ಹೊಡೆದುಕೊಂಡಿತಂತೆ, ಇಳಿಯಲಿಲ್ಲ. ಮಗಳಿಗೆ ಒಂದು ವರ್ಷ ನಷ್ಟವಾಗಿತ್ತು.

ಮನೆಯಿಂದ ಹೊರಡಲಾಗದವರು ವೈದ್ಯರ ಬಳಿಗೆ ಹೋಗುವುದಾದರೂ ಹೇಗೆ ಎಂದು ಕೇಳಬಹುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಫೋನ್ ಮಾಡಲೂ ಹಿಂಜರಿಕೆಯಾದರೆ ಮೊದಲ ಕರೆಯನ್ನು ಮನೆಯವರು ಮಾಡಿ, ಆಮೇಲೆ ಅವರ ಕೈಗೆ ಕೊಡಿ.