ಓಟದ ಮೇಸ್ತ್ರಿ

ಯಶವಂತಪುರದ ಲಾರಿ ನಿಲ್ದಾಣದಲ್ಲಿ ದೂರದ ಪಯಣಕ್ಕೆ ಸಿದ್ಧವಾದ ಲಾರಿಯನ್ನು ಮೇಸ್ತ್ರಿಯೊಬ್ಬನು ಸುತ್ತಿ ಸುತ್ತಿ ನೋಡುವುದುಂಟು. ನಟ್ಟುಗಳನ್ನು ಬಿಗಿದು, ಟೈರನ್ನು ತಟ್ಟಿ ಸದ್ದಿನಿಂದಲೇ ಗಾಳಿಯನ್ನು ಅಂದಾಜು ಮಾಡುವ ಅವನು, ಲಾರಿ ಹೊರಟ ಮೇಲೆ ಅಲ್ಲಿಯೇ ಉಳಿದುಬಿಡುತ್ತಾನೆ. 1996ರಲ್ಲಿ ಆರಂಭವಾದ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿಯೂ ಜನರ ದೃಷ್ಟಿಯೆಲ್ಲ ಆಕಾಶದ ಕಡೆಗೆ. ನೆಲದ ಮೇಲೆ ನಿಂತು ವಿಮಾನವನ್ನು ಅಣಿಗೊಳಿಸಿದವರನ್ನು ಗಮನಿಸುವವರು ವಿರಳ. ಅಮೆರಿಕದ ಕಾರು ಓಟದಲ್ಲಿ ಇಂತಹ ಮೇಸ್ತ್ರಿಗೆ ‘ಕ್ರೂ ಚೀಫ್’ ಎಂದು ಹೆಸರು. ಆ ಪದವಿಗೆ ಘನತೆಯನ್ನು ತಂದವರಲ್ಲಿ ಡೇಲ್ ಇನ್ಮನ್ ಅಗ್ರಗಣ್ಯರು.

ಇನ್ಮನ್ 1936ರಲ್ಲಿ ಜನಿಸಿದರು. ಉತ್ತರ ಕೆರೊಲಿನಾ ರಾಜ್ಯದ ಲೆವೆಲ್ ಕ್ರಾಸ್ ಎಂಬ ಹಳ್ಳಿ ಅವರ ಊರು. ಅದೇ ಊರಿನ ರಿಚರ್ಡ್ ಪೆಟ್ಟಿ ಅವರ ಬಂಧು, ಬಾಲ್ಯದ ಒಡನಾಡಿ. ರಿಚರ್ಡನ ತಂದೆ ಲೀ ಪೆಟ್ಟಿ ಹೆಸರಾಂತ ಓಟಗಾರರು. 1959ರಲ್ಲಿ ನಡೆದ ಮೊದಲನೆಯ ‘ಡೇಟೋನಾ 500’ ಪಂದ್ಯವನ್ನು ಗೆದ್ದವರು. ಇಬ್ಬರು ಹುಡುಗರೂ ಅವರ ಕಾರುಖಾನೆಯ ಎಣ್ಣೆಮಸಿಯಲ್ಲಿಯೇ ಬೆಳೆದರು. ಮುಂದೆ ಒಬ್ಬನ ಕೈಗೆ ಚುಕ್ಕಾಣಿ ಬಂದಿತು, ಇನ್ನೊಬ್ಬನ ಕೈಗೆ ಸ್ಪ್ಯಾನರ್ ಬಂದಿತು.

ಈ ಪಂದ್ಯಗಳಿಗೆ ‘ಸ್ಟಾಕ್ ಕಾರ್’ ಓಟವೆಂದು ಹೆಸರು. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಕಾರುಗಳನ್ನೇ ಮೊದಮೊದಲು ಓಡಿಸುತ್ತಿದ್ದುದರಿಂದ ಆ ಹೆಸರು ಬಂದಿತು. ಡೇಟೋನಾದ ಓಟದ ದಾರಿಯು ನಾಲ್ಕು ಕಿಲೋಮೀಟರ್ ಉದ್ದದ ಒಂದು ಸುತ್ತು. ಅದರ ತಿರುವುಗಳು 31 ಡಿಗ್ರಿ ಓರೆಯಾಗಿ, ಕೆರೆಯ ಏರಿಯಂತೆ ಮೇಲೆದ್ದಿವೆ. ಅಲ್ಲಿ 200 ಸುತ್ತು ಓಡಬೇಕು. ಯಾವಾಗಲೂ ಎಡಕ್ಕೇ ತಿರುಗುವುದರಿಂದ ಭಾರವು ಬಲಗಡೆಗೆ ವಾಲುತ್ತದೆ. ಬಲಗಡೆಯ ಟೈರುಗಳು ಬೇಗ ಸವೆಯುತ್ತವೆ. ಮುಂದಿನ ಗಾಲಿಗಳು ಹಿಡಿತ ತಪ್ಪಿದರೆ ಕಾರು ತಿರುಗದೆ ಗೋಡೆಯತ್ತ ಸರಿಯುತ್ತದೆ; ಹಿಂದಿನವು ತಪ್ಪಿದರೆ ಬಾಲ ಬೀಸಿ ಸುತ್ತಿಬಿಡುತ್ತದೆ. ಸ್ಪ್ರಿಂಗಿನ ಮೇಲಿನ ತಿರುಪನ್ನು ಅರ್ಧ ಸುತ್ತು ತಿರುಗಿಸುವುದರಿಂದಲೋ, ಟೈರಿನ ಗಾಳಿಯನ್ನು ತುಸು ಇಳಿಸುವುದರಿಂದಲೋ ಈ ದೋಷ ಸರಿಹೋಗಬಹುದು. ಆದರೆ ಯಾವ ತಿರುಪು, ಎಷ್ಟು ಸುತ್ತು ಎಂಬುದನ್ನು ಚಾಲಕನ ಎರಡು ಮಾತಿನಿಂದ ಗ್ರಹಿಸಬೇಕು. ಒಟ್ಟಿಗೆ ಬೆಳೆದವರಿಗೆ ಇದು ಸುಲಭವಾಗಿದ್ದಿರಬೇಕು.

ಓಟದ ನಡುವೆ ಕಾರು ಕಟ್ಟೆಯ ಬಳಿ ನಿಲ್ಲುವ ಕಾಲವಂತೂ ಸೆಕೆಂಡುಗಳ ಲೆಕ್ಕ. ಅಂದಿನ ಕಾರುಗಳ ಒಂದೊಂದು ಗಾಲಿಗೂ ಐದು ನಟ್ಟು. ಜಾಕ್ ಎತ್ತುವವನು, ನಟ್ಟು ಬಿಚ್ಚುವವನು, ಪೆಟ್ರೋಲು ಸುರಿಯುವವನು, ಯಾರೊಬ್ಬರು ತಡವರಿಸಿದರೂ ಎದುರಾಳಿಯು ಮುಂದೆ ಹೋಗಿರುತ್ತಾನೆ. ಎಲ್ಲರನ್ನೂ ಒಂದೇ ದೇಹದ ಕೈಗಳಂತೆ ದುಡಿಸುವುದು ಇನ್ಮನ್ನರ ಹೊಣೆ. 1967ರಲ್ಲಿ ಪೆಟ್ಟಿ 27 ಪಂದ್ಯಗಳನ್ನು ಗೆದ್ದರು. ಅವುಗಳಲ್ಲಿ ಹತ್ತು ಸಾಲಾಗಿ ಬಂದವು.

ಹೊಣೆಯ ಭಾರ ಎಷ್ಟೆಂಬುದು 1980ರ ಜುಲೈನಲ್ಲಿ ತಿಳಿಯಿತು. ಪೊಕೊನೊದ ಅಪಘಾತದಲ್ಲಿ ಪೆಟ್ಟಿಯ ಕತ್ತಿನ ಮೂಳೆ ಮುರಿಯಿತು. ಅದಾದ ಏಳು ತಿಂಗಳಿಗೆ, 1981ರ ಫೆಬ್ರವರಿಯಲ್ಲಿ, ಅವರು ಮತ್ತೆ ಡೇಟೋನಾದಲ್ಲಿದ್ದರು. ಅಂದು ಬಾಬಿ ಆಲಿಸನ್ನರ ಕಾರು ಹೆಚ್ಚು ವೇಗವಾಗಿತ್ತು. ಸುಮಾರು 25 ಸುತ್ತು ಉಳಿದಿರಲು ಪೆಟ್ಟಿ ಕೊನೆಯ ಬಾರಿ ಕಟ್ಟೆಗೆ ಬಂದರು. ಎಲ್ಲರೂ ಟೈರು ಬದಲಿಸುವರೆಂದೇ ಎಣಿಸುವ ಹೊತ್ತು. ಇನ್ಮನ್ ಪೆಟ್ರೋಲು ಮಾತ್ರ ಹಾಕಿಸಿ ಕಾರನ್ನು ಕಳುಹಿಸಿಬಿಟ್ಟರು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸವೆದ ಟೈರು ಸಿಡಿದರೆ ಏನಾಗುವುದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಟೈರುಗಳನ್ನು ಹಗಲೆಲ್ಲ ಓದುತ್ತ ಬಂದವರ ತೀರ್ಮಾನ ಅದು. ಸಾಹಸವೆನ್ನುವುದಕ್ಕಿಂತ ಲೆಕ್ಕವೆನ್ನುವುದೇ ಸರಿ. ಆಲಿಸನ್ ಬೆನ್ನಟ್ಟಿದರು, ಆದರೆ ಹಿಡಿಯಲಾಗಲಿಲ್ಲ. ಪೆಟ್ಟಿ ಏಳನೆಯ ಬಾರಿ ಡೇಟೋನಾವನ್ನು ಗೆದ್ದರು.

ಈ ವಿಜಯದ ಬೆನ್ನಲ್ಲೇ ಇನ್ಮನ್ ತಾವು ತಂಡವನ್ನು ಬಿಡುವುದಾಗಿ ತಿಳಿಸಿದರು. ಒಡನಾಡಿಗೆ ಅದು ದೊಡ್ಡ ಆಘಾತ. ಆದರೂ, ತಮ್ಮ ಕೈಚಳಕವು ಒಬ್ಬ ಚಾಲಕನ ನೆರಳಿನಾಚೆಗೂ ನಿಲ್ಲಬಲ್ಲುದೇ ಎಂದು ಪರೀಕ್ಷಿಸುವ ಹಕ್ಕು ಕೆಲಸಗಾರನಿಗೂ ಉಂಟು. 1984ರಲ್ಲಿ ಇನ್ಮನ್ನರ ಮೇಲ್ವಿಚಾರಣೆಯಲ್ಲಿ ಟೆರಿ ಲಬಾಂಟಿ ವರ್ಷದ ಚಾಂಪಿಯನ್ ಆದರು. ಪೆಟ್ಟಿಯೊಂದಿಗೆ ಪಡೆದ ಏಳು ಪ್ರಶಸ್ತಿಗಳಿಗೆ ಇದು ಎಂಟನೆಯದಾಗಿ ಸೇರಿತು.

ಎರಡು ವರ್ಷಗಳ ಬಳಿಕ ಅವರು ಪೆಟ್ಟಿಯ ತಂಡಕ್ಕೆ ಮರಳಿದರು. 1992ರ ನವೆಂಬರ್ 15ರಂದು ಅಟ್ಲಾಂಟಾದಲ್ಲಿ ಪೆಟ್ಟಿಯ ಕಡೆಯ ಪಂದ್ಯ. ನಡುವೆಯೇ ಅವರ ಕಾರು ಢಿಕ್ಕಿಗೊಳಗಾಗಿ ಬೆಂಕಿ ಹತ್ತಿಕೊಂಡಿತು. ಗೆಲ್ಲುವ ಮಾತು ಅಲ್ಲಿಗೆ ಮುಗಿದಿತ್ತು. ಆದರೂ ತಂಡದವರು ಸುಟ್ಟ ಕಾರನ್ನು ಒಳಕ್ಕೆಳೆದುಕೊಂಡು, ನಜ್ಜುಗುಜ್ಜಾದುದನ್ನು ಕಿತ್ತು, ಬೇಕಾದುದನ್ನು ಜೋಡಿಸಿ, ಪಂದ್ಯ ಮುಗಿಯುವ ಮುನ್ನ ಮತ್ತೆ ದಾರಿಗಿಳಿಸಿದರು. ಪೆಟ್ಟಿ ತಮ್ಮ ಕೊನೆಯ ಸುತ್ತನ್ನು ಕಾರಿನಲ್ಲಿ ಕುಳಿತೇ ಮುಗಿಸಿದರು.